ತುಂಬಿದ ಕೆರೆಯಲ್ಲಿ ಗದ್ದೆಗೊರವಕ್ಕೆ ಜಾಗವಿಲ್ಲ

ಕೆರೆ ಕೋಡಿ ಬಿದ್ದರೆ ಶಾಸಕರು ಬಾಗಿನ ಅರ್ಪಿಸುತ್ತಾರೆ, ಮಾರನೆಯ ದಿನ ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ನವೆಂಬರ್ ಹೊತ್ತಿಗೆ ಅದೇ ಕೆರೆಯ ಬಗ್ಗೆ ‘ವಿದೇಶಿ ಹಕ್ಕಿಗಳ ಕಲರವ’ ಅಂತ ಇನ್ನೊಂದು ಸುದ್ದಿ. ನೀರು ಬಂತು, ಹಿಂದೆಯೇ ಹಕ್ಕಿ ಬಂತು ಎಂಬ ಲೆಕ್ಕ. ಬಾತು, ಹೆಜ್ಜಾರ್ಲೆ, ನೀರುಕಾಗೆ, ನಾಮದ ಕೋಳಿಗಳ ಮಟ್ಟಿಗೆ ಈ ಲೆಕ್ಕ ಸರಿ. ಆದರೆ ಚಳಿಗಾಲಕ್ಕೆ ನಮ್ಮಲ್ಲಿಗೆ ಬರುವ ವಲಸೆ ಹಕ್ಕಿಗಳಲ್ಲಿ ದೊಡ್ಡದೊಂದು ಗುಂಪು ಈಜುವುದಿಲ್ಲ, ಮುಳುಗುವುದಿಲ್ಲ, ಮರದ ಮೇಲೆ ಕೂರುವುದೂ ಅಪರೂಪ. ನೀರು ಮತ್ತು ನೆಲ ಸೇರುವ ಅಂಚಿನ ಕೆಸರಿನಲ್ಲಿ ನಡೆದಾಡಿ ಮೇಯುವುದಷ್ಟೇ ಅವುಗಳ ಬದುಕು. ಗದ್ದೆಗೊರವ (ಸ್ಯಾಂಡ್‌ಪೈಪರ್) ಮತ್ತು ಅದರ ಹತ್ತಾರು ಸೋದರ ಜಾತಿಗಳು, ಸ್ಟಿಂಟ್, ಪ್ಲೋವರ್, ಗಾಡ್‌ವಿಟ್, ಕರ್ಲ್ಯೂ, ರಫ್. ಹಕ್ಕಿ ವೀಕ್ಷಕರು ಇವನ್ನೆಲ್ಲ ಸೇರಿಸಿ ‘ವೇಡರ್’ ಅನ್ನುತ್ತಾರೆ. ಏರಿಯಿಂದ ಏರಿಗೆ ನೀರು ತುಂಬಿ ನಿಂತ ಕೆರೆಯಲ್ಲಿ ಇವಕ್ಕೆ ಕಾಲೂರಲು ಜಾಗವಿರುವುದಿಲ್ಲ. ಕಳೆದ ಹತ್ತು–ಹದಿನೈದು ವರ್ಷಗಳಲ್ಲಿ ನಾವು ಕೆರೆ ಅಭಿವೃದ್ಧಿಯ ಹೆಸರಿನಲ್ಲಿ ಮಾಡುತ್ತ ಬಂದಿರುವ ಬಹುಪಾಲು ಕೆಲಸ ಈ ಅಂಚನ್ನೇ ಅಳಿಸುವ ಕೆಲಸ.

ಈ ಹಕ್ಕಿಗಳ ಸ್ಥಿತಿ ಹೇಗಿದೆ ಅನ್ನುವುದಕ್ಕೆ ಈಚಿನ ಎರಡು ಘೋಷಣೆಗಳನ್ನು ನೋಡಿದರೆ ಸಾಕು. 2024ರ ಅಕ್ಟೋಬರಿನಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಅಪಾಯದಲ್ಲಿರುವ ಜೀವಿಗಳ ಕೆಂಪುಪಟ್ಟಿ ಪರಿಷ್ಕರಣೆಯಾದಾಗ 16 ಜಾತಿಯ ವಲಸೆ ವೇಡರ್‌ಗಳನ್ನು ಹೆಚ್ಚಿನ ಅಪಾಯದ ವರ್ಗಕ್ಕೆ ಏರಿಸಲಾಯಿತು. ಅವುಗಳಲ್ಲಿ ಗ್ರೇ ಪ್ಲೋವರ್, ಕರ್ಲ್ಯೂ ಸ್ಯಾಂಡ್‌ಪೈಪರ್, ಬ್ರಾಡ್‌ಬಿಲ್ಡ್ ಸ್ಯಾಂಡ್‌ಪೈಪರ್, ಡನ್ಲಿನ್, ಟರ್ನ್‌ಸ್ಟೋನ್ ನಮ್ಮ ಕರಾವಳಿಗೂ ಬರುವಂಥವು. ಒಂದು ವರ್ಷದ ಬಳಿಕ, 2025ರ ಅಕ್ಟೋಬರಿನಲ್ಲಿ, ತೆಳುಕೊಕ್ಕಿನ ಕರ್ಲ್ಯೂ ಅಳಿದುಹೋಗಿದೆ ಎಂದೇ ಘೋಷಿಸಲಾಯಿತು. ಮಧ್ಯ ಏಷ್ಯಾದಿಂದ ಮೆಡಿಟರೇನಿಯನ್ ತೀರಕ್ಕೆ ಚಳಿಗಾಲಕ್ಕೆ ಹೋಗುತ್ತಿದ್ದ ಹಕ್ಕಿ ಅದು. ಖಚಿತವಾಗಿ ಕೊನೆಯ ಬಾರಿ ಕಂಡದ್ದು 1995ರಲ್ಲಿ, ಮೊರಾಕ್ಕೋದಲ್ಲಿ. ಬೇಟೆ ಮತ್ತು ಜೌಗುಭೂಮಿಗಳನ್ನು ಬಸಿದು ಗದ್ದೆ ಮಾಡಿದ್ದು, ಇವೆರಡೂ ಸೇರಿ ಅದನ್ನು ಮುಗಿಸಿದವು. ನಮ್ಮ ದೇಶದ ಲೆಕ್ಕವನ್ನೇ ನೋಡುವುದಾದರೆ, 2020ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ ಅತಿ ಹೆಚ್ಚು ಕುಸಿದ ಗುಂಪುಗಳಲ್ಲಿ ಹದ್ದು, ಗಿಡುಗದಂಥ ಬೇಟೆಹಕ್ಕಿಗಳ ಜತೆಗೇ ವಲಸೆ ವೇಡರ್‌ಗಳನ್ನೂ ಹೆಸರಿಸಿತ್ತು.

ತಪ್ಪೆಲ್ಲ ಇನ್ನೆಲ್ಲೋ ಆಗುತ್ತಿದೆ, ಆರ್ಕ್‌ಟಿಕ್ ಬಿಸಿಯಾಗುತ್ತಿದೆ, ಚೀನಾದವರು ಸಮುದ್ರದಂಚು ಮುಚ್ಚಿ ನೆಲ ಮಾಡಿದ್ದಾರೆ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಅದರಲ್ಲಿ ನಿಜವೂ ಇದೆ. ಆದರೆ ಕರ್ಲ್ಯೂ ಸ್ಯಾಂಡ್‌ಪೈಪರಿನ ವರ್ಷವನ್ನು ತಿಂಗಳು ತಿಂಗಳಾಗಿ ಬಿಡಿಸಿ ನೋಡಿ. ಸೈಬೀರಿಯಾದ ತೈಮೀರ್ ಕಡೆಯ ತುಂಡ್ರಾದಲ್ಲಿ ಅದು ಇರುವುದು ಎರಡು ತಿಂಗಳಿಗಿಂತ ಸ್ವಲ್ಪ ಹೆಚ್ಚು. ದಾರಿಯಲ್ಲಿ ಒಂದೆರಡು ತಿಂಗಳು. ಉಳಿದ ಏಳೆಂಟು ತಿಂಗಳು ದಕ್ಷಿಣದಲ್ಲಿ. ಅದು ಇಡುವುದು ನಾಲ್ಕೇ ಮೊಟ್ಟೆ, ವರ್ಷಕ್ಕೊಂದೇ ಸಲ. ಲೆಮಿಂಗ್ ಎಂಬ ತುಂಡ್ರಾ ಇಲಿಗಳು ಕಡಿಮೆಯಾದ ವರ್ಷ ಅಲ್ಲಿನ ನರಿಗಳು ಹಸಿವಿನಿಂದ ಈ ಹಕ್ಕಿಯ ಮೊಟ್ಟೆ ಮರಿಗಳ ಮೇಲೆ ಬೀಳುತ್ತವೆ, ಆ ವರ್ಷ ಮರಿಗಳೇ ಉಳಿಯುವುದಿಲ್ಲ. ಇಂಥ ಹಕ್ಕಿ ಸಂತತಿ ಉಳಿಸಿಕೊಳ್ಳುವುದು ಹೆಚ್ಚು ಮರಿ ಮಾಡಿ ಅಲ್ಲ, ಹಲವು ವರ್ಷ ಬದುಕಿ. ಬೆಳೆದ ಹಕ್ಕಿ ಚಳಿಗಾಲ ದಾಟುತ್ತದೆಯೇ ಇಲ್ಲವೇ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ, ಆ ಚಳಿಗಾಲ ಕಳೆಯುವುದು ನಮ್ಮಂಥವರ ಕೆರೆಗಳಲ್ಲಿ, ನದಿ ಸಮುದ್ರ ಸೇರುವ ಅಳಿವೆಗಳಲ್ಲಿ.

ಕಾಲಿನ ಉದ್ದ, ನೀರಿನ ಆಳ

ವೇಡರ್‌ಗಳ ಲೋಕದಲ್ಲಿ ಸೆಂಟಿಮೀಟರಿಗೆ ಬೆಲೆ. ಪ್ಲೋವರ್‌ಗಳಿಗೆ ನಿಂತ ನೀರೇ ಬೇಡ, ಒದ್ದೆ ಕೆಸರಿದ್ದರೆ ಸಾಕು. ಅವು ಕಣ್ಣಿನಿಂದ ಬೇಟೆಯಾಡುತ್ತವೆ: ಓಡು, ನಿಲ್ಲು, ನೋಡು, ಕುಕ್ಕು. ಇಪ್ಪತ್ತೈದು ಗ್ರಾಂ ಆಸುಪಾಸಿನ ಪುಟ್ಟ ಸ್ಟಿಂಟಿಗೆ ಎರಡು–ಮೂರು ಸೆಂ.ಮೀ. ನೀರು ಮಿತಿ. ವುಡ್ ಸ್ಯಾಂಡ್‌ಪೈಪರಿಗೆ ನಾಲ್ಕೈದು. ಗ್ರೀನ್‌ಶ್ಯಾಂಕ್, ಗಾಡ್‌ವಿಟ್‌ಗಳು ಹತ್ತು–ಹದಿನೈದು ಸೆಂ.ಮೀ. ತನಕ ಇಳಿಯುತ್ತವೆ. ಮೆಟ್ಟುಗಾಲು ಹಕ್ಕಿ ಇಪ್ಪತ್ತು ಸೆಂ.ಮೀ.ನಲ್ಲೂ ಆರಾಮಾಗಿ ನಡೆದಾಡೀತು. ಅದರಾಚೆ ಮೀಟರುಗಟ್ಟಲೆ ಆಳ ಎಷ್ಟೇ ಇರಲಿ, ಇಡೀ ಗುಂಪಿಗೆ ಅದು ಲೆಕ್ಕಕ್ಕಿಲ್ಲದ ಜಾಗ.

ಕೊಕ್ಕಿನ ಕಥೆ ಇನ್ನೂ ಸೂಕ್ಷ್ಮ. ಗಾಡ್‌ವಿಟ್ ಹತ್ತು ಸೆಂ.ಮೀ. ಉದ್ದದ ಕೊಕ್ಕನ್ನು ಬುಡದವರೆಗೂ ಕೆಸರಿಗಿಳಿಸಿ, ಬಾಯಿ ಪೂರ್ತಿ ತೆರೆಯದೆ ತುದಿಯನ್ನಷ್ಟೇ ಬಿಚ್ಚಿ ಹುಳು ಹಿಡಿಯುತ್ತದೆ. ಕೆಸರೊಳಗೆ ಬಾಯಿ ಪೂರ್ತಿ ತೆರೆಯಲು ಹೋದರೆ ಅದಕ್ಕೆ ಬೇಕಾಗುವ ಬಲ ವಿಪರೀತ. ಮೇಲ್ಗೊಕ್ಕಿನ ತುದಿ ಮಾತ್ರ ಬಾಗುವ ಮೂಳೆಯ ರಚನೆ ಇರುವುದು ಅದಕ್ಕೇ. ಸ್ಯಾಂಡ್‌ಪೈಪರ್ ಕುಟುಂಬದ ಕೊಕ್ಕಿನ ತುದಿಯಲ್ಲಿ ಒತ್ತಡ ಗ್ರಹಿಸುವ ನರತುದಿಗಳ ಗೂಡುಗಳಿವೆ. ರೆಡ್ ನಾಟ್ ಎಂಬ ಹಕ್ಕಿ ಕೆಸರಲ್ಲಿ ಹುದುಗಿದ ಚಿಪ್ಪನ್ನು ಮುಟ್ಟದೆಯೇ, ನೀರಿನ ಒತ್ತಡದ ವ್ಯತ್ಯಾಸದಿಂದಲೇ ಪತ್ತೆ ಹಚ್ಚಬಲ್ಲದು ಎಂದು 1998ರಲ್ಲೇ ಡಚ್ ವಿಜ್ಞಾನಿಗಳು ತೋರಿಸಿದ್ದಾರೆ. ಈ ಎಲ್ಲ ಸಲಕರಣೆ ಕೆಲಸ ಮಾಡಬೇಕಾದರೆ ಕೆಸರು ಮೆದುವಾಗಿ, ನೀರು ಹಿಡಿದುಕೊಂಡು ಇರಬೇಕು. ನೀರು ಹಿಂದೆ ಸರಿದು ನಾಲ್ಕೈದು ದಿನವಾಗಿ ಮೇಲ್ಪದರ ಹೆಪ್ಪುಗಟ್ಟಿ ಬಿರುಕು ಬಿಟ್ಟರೆ ಮುಗಿಯಿತು. ಒಳಗೆ ಹುಳು ಇದ್ದರೂ ಕೊಕ್ಕು ಇಳಿಯುವುದಿಲ್ಲ.

ಹಾಗಾಗಿ ಒಂದು ಕೆರೆಯಲ್ಲಿ ಯಾವುದೇ ದಿನ ವೇಡರ್‌ಗೆ ಉಪಯೋಗವಾಗುವುದು ಒಂದು ಪಟ್ಟಿ ಮಾತ್ರ: ನೀರಂಚಿನಿಂದ ಒಳಗೆ ಹದಿನೈದು ಸೆಂ.ಮೀ. ಆಳದವರೆಗೆ, ಹೊರಗೆ ಇನ್ನೂ ಒಣಗದ ಕೆಸರಿನವರೆಗೆ. ಈ ಪಟ್ಟಿ ಒಂದೇ ಕಡೆ ಇದ್ದರೆ ಹಕ್ಕಿಗಳು ವಾರದೊಳಗೆ ಅದನ್ನು ಬರಿದು ಮಾಡುತ್ತವೆ. ದಿನದಿನವೂ ತುಸು ಹಿಂದೆ ಸರಿದು ಹೊಸ ಕೆಸರು ತೆರೆಯುತ್ತಿರಬೇಕು. ನಮ್ಮ ಹಳೆಯ ಕೆರೆಗಳು ಯಾರೂ ಹಕ್ಕಿಗಾಗಿ ಯೋಚಿಸದೆಯೇ ಇದನ್ನು ಮಾಡುತ್ತಿದ್ದವು. ಅಕ್ಟೋಬರಿನಲ್ಲಿ ತುಂಬಿ, ತೂಬಿನಿಂದ ಅಚ್ಚುಕಟ್ಟಿಗೆ ಹರಿದು, ಬಿಸಿಲಿಗೆ ಆರಿ, ಏಪ್ರಿಲ್ ಹೊತ್ತಿಗೆ ತಳ ಕಾಣುತ್ತಿದ್ದವು. ಹಕ್ಕಿಗಳ ವಾಸದ ಅವಧಿಗೂ ಇದಕ್ಕೂ ತಾಳೆಯಾಗುತ್ತಿತ್ತು.

ಇಳಿಜಾರಿನ ಲೆಕ್ಕ

ಬಯಲುಸೀಮೆಯಲ್ಲಿ ಚಳಿಗಾಲದಲ್ಲಿ ದಿನಕ್ಕೆ ಸುಮಾರು 5 ಮಿ.ಮೀ. ನೀರು ಆವಿಯಾಗುತ್ತದೆ ಎಂದಿಟ್ಟುಕೊಳ್ಳಿ. ತಿಂಗಳಿಗೆ 15 ಸೆಂ.ಮೀ. ಏರಿಯ ಎದುರು ಬದಿಯ ಕೆರೆಯಂಗಳ ನೂರು ಮೀಟರಿಗೆ ಒಂದು ಮೀಟರ್ ಇಳಿಜಾರಿದ್ದರೆ, ಆ ತಿಂಗಳಲ್ಲಿ ನೀರು 15 ಮೀಟರ್ ಹಿಂದೆ ಸರಿಯುತ್ತದೆ. ಅಂಗಳದ ಅಂಚು ಎರಡು ಕಿ.ಮೀ. ಇದ್ದರೆ ಹೊಸದಾಗಿ ತೆರೆದ ಕೆಸರು 3 ಹೆಕ್ಟೇರ್, ಅಂದರೆ ಏಳೂವರೆ ಎಕರೆಗೆ ತುಸು ಕಡಿಮೆ. ಅದೇ ಕೆರೆಗೆ ಹೂಳೆತ್ತಿದ ಮಣ್ಣಿನಿಂದ ಸುತ್ತಲೂ ಬದು ಕಟ್ಟಿ, ಎರಡು ಮೀಟರಿಗೆ ಒಂದು ಮೀಟರ್ ಇಳಿಜಾರು ಕೊಟ್ಟು, ಕಲ್ಲು ಹೊದಿಸಿದರೆ? ಅದೇ 15 ಸೆಂ.ಮೀ. ಇಳಿದಾಗ ನೀರು ಸರಿಯುವುದು 30 ಸೆಂ.ಮೀ. ಎರಡು ಕಿ.ಮೀ. ಉದ್ದಕ್ಕೂ ಸೇರಿಸಿದರೆ 600 ಚದರ ಮೀಟರ್. ಅದೂ ಕೆಸರಲ್ಲ, ಕಲ್ಲು. ಐವತ್ತು ಪಟ್ಟು ವ್ಯತ್ಯಾಸ ಬಂದದ್ದು ನೀರಿನ ಪ್ರಮಾಣದಿಂದಲ್ಲ, ಇಳಿಜಾರಿನ ಕೋನದಿಂದ.

ಬೆಂಗಳೂರಿನ ಬಹುತೇಕ ‘ಪುನಶ್ಚೇತನ’ಗೊಂಡ ಕೆರೆಗಳು ಈ ಎರಡನೆಯ ಮಾದರಿಯವು. ಸುತ್ತಲೂ ವಾಕಿಂಗ್ ಪಾತ್, ಬೇಲಿ, ದೀಪ, ನಡುವೆ ಮರ ನೆಟ್ಟ ದ್ವೀಪ. ಒತ್ತುವರಿ ತಡೆಯಲು ಸುತ್ತ ಬದು ಬೇಕಾಯಿತು ಎಂಬ ವಾದ ಸುಳ್ಳಲ್ಲ. ನಗರದಲ್ಲಿ ಗಡಿ ಗುರುತಿಸದ ಕೆರೆಯಂಗಳ ಸೈಟಾಗಲು ಎಷ್ಟು ದಿನ ಬೇಕು? ಆದರೆ ಗಡಿಗೆ ಬೇಲಿ ಹಾಕುವುದು ಬೇರೆ, ಅಂಗಳವನ್ನೇ ಅಗೆದು ಗೋಡೆಯಂತೆ ನಿಲ್ಲಿಸುವುದು ಬೇರೆ. ಇನ್ನೊಂದು ಗೊಂದಲವೂ ಇದೆ. ಹಸಿರು ನ್ಯಾಯಮಂಡಳಿ 2016ರಲ್ಲಿ ವಿಧಿಸಿದ 75 ಮೀಟರ್ ಬಫರನ್ನು (ಕೆರೆಯ ಸುತ್ತ ಕಟ್ಟಡ ಕೂಡದ ಪಟ್ಟಿಯನ್ನು) ಸುಪ್ರೀಂ ಕೋರ್ಟ್ 2019ರಲ್ಲಿ ರದ್ದು ಮಾಡಿದಾಗಲೂ, 2025ರಲ್ಲಿ ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ಬಫರ್ ತಗ್ಗಿಸುವ ತಿದ್ದುಪಡಿ ಮಸೂದೆ ಬಂದಾಗಲೂ ಜಗಳವೆಲ್ಲ ನಡೆದದ್ದು ಪೂರ್ಣ ಜಲಮಟ್ಟದ ಗೆರೆಯಿಂದ ಆಚೆಗೆ ಎಷ್ಟು ಮೀಟರ್ ಬಿಡಬೇಕು ಎಂಬುದರ ಮೇಲೆ. ವೇಡರ್‌ಗಳ ಜಾಗ ಇರುವುದು ಆ ಗೆರೆಯ ಒಳಗೆ. ಒಳಗೆ ಏನು ಮಾಡಬಹುದು, ಏನು ಕೂಡದು ಎಂದು ಕೇಳಿದವರು ಕಡಿಮೆ.

ಕೋಲಾರದ್ದು ಬೇರೆಯೇ ಕಥೆ. ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಅಲ್ಲಿಗೆ ಹರಿಯುತ್ತಿದೆ. ಯೋಜನೆಯ ಗಾತ್ರ ದಿನಕ್ಕೆ 44 ಕೋಟಿ ಲೀಟರ್, ನೂರಿಪ್ಪತ್ತಕ್ಕೂ ಹೆಚ್ಚು ಕೆರೆ. ಬತ್ತಿಹೋಗಿದ್ದ ಕೊಳವೆಬಾವಿಗಳಲ್ಲಿ ನೀರು ಮೇಲೆ ಬಂದದ್ದು ನಿಜ, ಅದನ್ನು ಹಕ್ಕಿಯ ಹೆಸರಿನಲ್ಲಿ ಅಲ್ಲಗಳೆಯುವುದು ಅನ್ಯಾಯ. ಆದರೆ ಸರಣಿಯ ಮೊದಲ ಕೆರೆಗಳು ವರ್ಷವಿಡೀ ತುಂಬಿಯೇ ಇರುತ್ತವೆ. ತುಂಬಿ ಹರಿದರೆ ತಾನೇ ಮುಂದಿನ ಕೆರೆಗೆ ನೀರು? ಏರಿಳಿತ ನಿಂತಿತು, ಅಂಗಳ ಮುಳುಗಿತು. ನೀರು ಎರಡನೆಯ ಹಂತದವರೆಗಷ್ಟೇ ಶುದ್ಧವಾದದ್ದರಿಂದ ಅದರಲ್ಲಿ ಸಾರಜನಕ, ರಂಜಕ ಉಳಿದಿರುತ್ತವೆ. ಅಂಚಿನಲ್ಲಿ ಅಂತರಗಂಗೆ, ಆಪು ಬೆಳೆದು ಬಯಲು ಮುಚ್ಚುತ್ತದೆ. ತಮಾಷೆಯೆಂದರೆ ಇದೇ ಪೋಷಕಾಂಶ ಕೆಸರಿನ ಕೆಂಪು ಹುಳುಗಳನ್ನು ವಿಪರೀತ ಹೆಚ್ಚಿಸುತ್ತದೆ. ಆ ಹುಳು ಸ್ಟಿಂಟ್, ಸ್ಯಾಂಡ್‌ಪೈಪರ್‌ಗಳ ಮುಖ್ಯ ಆಹಾರ. ಹಾಗಾಗಿ ಸರಣಿಯ ಕೊನೆಯ ಕೆರೆಗಳಲ್ಲಿ, ನೀರು ಬಿಟ್ಟುಬಿಟ್ಟು ಬರುವ ಕಡೆ, ಒಮ್ಮೊಮ್ಮೆ ಒಳ್ಳೆಯ ಗುಂಪುಗಳು ಸೇರುತ್ತವೆ. ಊಟ ಇದೆ, ತಟ್ಟೆ ಎಲ್ಲ ಕಡೆ ಸಿಗುತ್ತಿಲ್ಲ ಅಷ್ಟೆ.

ಗಿಡ ನೆಡುವವರ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಪಕ್ಷಿಧಾಮವೆಂದರೆ ನಮ್ಮ ಕಣ್ಣಿಗೆ ಬರುವುದು ರಂಗನತಿಟ್ಟು, ಕೊಕ್ಕರೆ ಬೆಳ್ಳೂರು, ಅಂಕಸಮುದ್ರ: ಮರ ತುಂಬ ಗೂಡು, ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ. ಅಂಕಸಮುದ್ರದ ಕೆರೆಯೊಳಗಿನ ಜಾಲಿಮರಗಳು ಗೂಡುಕಟ್ಟುವ ಹಕ್ಕಿಗಳಿಗೆ ವರವೇ. ಆದರೆ ಅದೇ ಸೂತ್ರವನ್ನು ಬಯಲ ಕೆರೆಯಂಗಳಕ್ಕೆ ತಂದು ಸಸಿ ನೆಟ್ಟರೆ ವೇಡರ್‌ಗಳು ಜಾಗ ಬಿಡುತ್ತವೆ. ಅವಕ್ಕೆ ಸುತ್ತ ನೂರಾರು ಮೀಟರ್ ತೆರೆದ ನೋಟ ಬೇಕು. ಡೇಗೆ, ಮಾರ್ಷ್ ಹ್ಯಾರಿಯರ್‌ಗಳು ಮರೆಯಿಂದ ಎರಗುತ್ತವೆ ಎಂಬುದು ಅವುಗಳ ನಿತ್ಯದ ಲೆಕ್ಕಾಚಾರ. ಬಳ್ಳಾರಿ ಜಾಲಿ ಹಬ್ಬಿದ ಅಂಗಳದಲ್ಲಿ ಕೆಸರು ಎಷ್ಟೇ ಚೆನ್ನಾಗಿರಲಿ, ಗಾಡ್‌ವಿಟ್ ಇಳಿಯುವುದಿಲ್ಲ. ಅಂಗಳದಲ್ಲಿ ಎಮ್ಮೆ ಮೇಯುವುದನ್ನು ತಡೆಯುವುದೂ ಇದೇ ಬಗೆಯ ತಪ್ಪು. ಹುಲ್ಲು ಗಿಡ್ಡವಾಗಿ ಉಳಿಯುವುದು, ಗೊರಸಿನ ಗುಂಡಿಗಳಲ್ಲಿ ನೀರು ನಿಂತು ಹುಳು ಬೆಳೆಯುವುದು ಎಮ್ಮೆಗಳಿಂದಲೇ.

ಅಘನಾಶಿನಿಯಲ್ಲಿ ದಿನಕ್ಕೆರಡು ಸಲ

ಕೆರೆಯಲ್ಲಿ ತಿಂಗಳುಗಟ್ಟಲೆ ನಡೆಯುವ ಈ ಏರಿಳಿತ ಅಳಿವೆಯಲ್ಲಿ ದಿನಕ್ಕೆರಡು ಸಲ ನಡೆಯುತ್ತದೆ. ಸುಮಾರು ಹನ್ನೆರಡೂವರೆ ಗಂಟೆಗೊಂದು ಭರತ, ನಡುವೆ ಇಳಿತ. ದಿನದಿಂದ ದಿನಕ್ಕೆ ಐವತ್ತು ನಿಮಿಷ ತಡ. ಇಳಿತದಲ್ಲಿ ತೆರೆಯುವ ಕೆಸರುದಿಬ್ಬಗಳ ಮೇಲೆ ಕರ್ಲ್ಯೂ, ವಿಂಬ್ರೆಲ್, ಕೆಂಗಾಲಿನ ರೆಡ್‌ಶ್ಯಾಂಕ್, ಮರಳು ಪ್ಲೋವರ್‌ಗಳು ಹರಡಿಕೊಳ್ಳುತ್ತವೆ. ಹಗಲು ರಾತ್ರಿ ಅವಕ್ಕೆ ಮುಖ್ಯವಲ್ಲ, ಬೆಳದಿಂಗಳಿಲ್ಲದ ರಾತ್ರಿಯಲ್ಲೂ ಇಳಿತವಿದ್ದರೆ ಮೇಯುತ್ತವೆ.

ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆ 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿ ಸೇರಿತು. ವಿಸ್ತೀರ್ಣ 4,801 ಹೆಕ್ಟೇರ್. ಅದರ ಜತೆಗೇ ಅಂಕಸಮುದ್ರ ಮತ್ತು ಪಟ್ಟೆತಲೆ ಹೆಬ್ಬಾತುಗಳಿಗೆ ಹೆಸರಾದ ಗದಗ ಜಿಲ್ಲೆಯ ಮಾಗಡಿ ಕೆರೆಯೂ ಸೇರಿದವು. ಅಘನಾಶಿನಿಯ ವಿಶೇಷ ಅದರ ಮೇಲೆ ಅಣೆಕಟ್ಟು ಇಲ್ಲದಿರುವುದು. ಇದರ ಬೆಲೆ ತಿಳಿಯಬೇಕಾದರೆ ಮೂವತ್ತು ಕಿಲೋಮೀಟರಿನಷ್ಟು ದಕ್ಷಿಣಕ್ಕೆ, ಹೊನ್ನಾವರದ ಶರಾವತಿ ಅಳಿವೆಗೆ ಹೋಗಬೇಕು. ಲಿಂಗನಮಕ್ಕಿಯ ನೀರು ವಿದ್ಯುತ್ ಉತ್ಪಾದಿಸಿ ವರ್ಷವಿಡೀ ಕೆಳಗೆ ಬರುತ್ತದೆ. ಬೇಸಿಗೆಯಲ್ಲೂ ಸಿಹಿನೀರು ಹರಿಯುವುದರಿಂದ ಉಪ್ಪಿನಂಶ ಏರಬೇಕಾದ ಕಾಲದಲ್ಲಿ ಏರುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದವರು ಎರಡೂ ಅಳಿವೆಗಳನ್ನು ಹೋಲಿಸಿ, ಶರಾವತಿಯಲ್ಲಿ ಚಿಪ್ಪುಜೀವಿಗಳೂ ಮೀನಿನ ಜಾತಿಗಳೂ ಕಡಿಮೆಯಾಗಿರುವುದನ್ನು ದಾಖಲಿಸಿದ್ದಾರೆ. ಅಘನಾಶಿನಿಯಲ್ಲಿ ಬಳಚು ಎಂಬ ಚಿಪ್ಪುಜೀವಿ ಆರಿಸಿ, ಮೀನು ಏಡಿ ಹಿಡಿದು, ಗಜನಿಯಲ್ಲಿ (ಅಳಿವೆಯಂಚಿನ ಉಪ್ಪುನೀರ ಗದ್ದೆಯಲ್ಲಿ) ಉಪ್ಪು ತಾಳುವ ಕಗ್ಗ ಭತ್ತ ಬೆಳೆದು, ಉಪ್ಪು ತೆಗೆದು ಬದುಕುವ ಕುಟುಂಬಗಳು ಆರು ಸಾವಿರದಿಂದ ಏಳೂವರೆ ಸಾವಿರ. ಮನುಷ್ಯರೂ ಹಕ್ಕಿಗಳೂ ಕೈಹಾಕುವುದು ಒಂದೇ ಕೆಸರಿಗೆ. ಕಾಲಿನಿಂದ ತಡಕಿ, ಕೈಯಿಂದ ದೊಡ್ಡ ಬಳಚು ಆರಿಸುವವರಿಂದ ಹಕ್ಕಿಗೆ ಪೈಪೋಟಿಯಿಲ್ಲ, ಹಕ್ಕಿಗೆ ಬೇಕಾದದ್ದು ಸಣ್ಣ ಮರಿಚಿಪ್ಪು. ಯಂತ್ರ ಇಳಿಸಿ ಮರಳನ್ನೋ ಸುಣ್ಣದ ಚಿಪ್ಪನ್ನೋ ಬಾಚಿದರೆ ಮಾತ್ರ ಇಬ್ಬರಿಗೂ ನಷ್ಟ. ಮೇಲ್ಪದರ ಹೋಗುತ್ತದೆ, ಉಳಿದ ಗುಂಡಿ ಇಳಿತದಲ್ಲೂ ನೀರು ತುಂಬಿಕೊಂಡೇ ಇರುತ್ತದೆ.

ಅಳಿವೆಯ ರಕ್ಷಣೆಯ ಮಾತು ಬಂದಾಗ ಎಲ್ಲರೂ ಮೇಯುವ ಜಾಗವನ್ನೇ ನೆನೆಯುತ್ತಾರೆ. ಭರತದ ಹೊತ್ತಿನಲ್ಲಿ ಈ ಹಕ್ಕಿಗಳು ಎಲ್ಲಿರುತ್ತವೆ? ಭರತ ಏರುವಾಗ ದಿಬ್ಬಗಳು ಒಂದೊಂದಾಗಿ ಮುಳುಗಿ, ಉತ್ತುಂಗದ ಹಿಂದೆ ಮುಂದೆ ಎರಡೆರಡು ತಾಸು ಅವಕ್ಕೆ ನಿಲ್ಲಲು ಒಣಜಾಗ ಬೇಕು. ಗಿಡ್ಡ ಹುಲ್ಲಿನ ಗಜನಿ ಕಟ್ಟೆ, ಅಳಿವೆಬಾಯಿಯ ಮರಳು ನಾಲಗೆ, ಸಾಣಿಕಟ್ಟಾದ ಉಪ್ಪಿನ ಆಗರದಂಥ ಜಾಗಗಳು ಇಂಥ ವಿಶ್ರಾಂತಿಗೆ ಹೇಳಿ ಮಾಡಿಸಿದವು. ಉಪ್ಪಿನ ಮಡಿಗಳಲ್ಲಿ ನೀರು ಕೆಲವೇ ಸೆಂ.ಮೀ., ಬದುಗಳು ಬೋಳು, ಸುತ್ತ ಬಯಲು. ಈ ಜಾಗ ಮೇವಿನ ದಿಬ್ಬದಿಂದ ಒಂದೆರಡು ಕಿ.ಮೀ. ಒಳಗಿರಬೇಕು. ಅದು ಹೋದರೆ ಹಕ್ಕಿ ದೂರ ಹಾರಬೇಕು, ದಿನಕ್ಕೆರಡು ಭರತ, ಹೋಗಿ ಬರುವುದು ಸೇರಿ ನಾಲ್ಕು ಹಾರಾಟ. ತಿಂದದ್ದೆಲ್ಲ ಅಲ್ಲಿಗೇ ಖರ್ಚು. ಆಗ ಅವು ಮೇವು ಸಮೃದ್ಧವಾಗಿದ್ದರೂ ಅಳಿವೆಯನ್ನೇ ಬಿಡುತ್ತವೆ. ಉಪ್ಪಿನ ಆಗರವನ್ನು ಸಿಗಡಿ ಹೊಂಡವಾಗಿಸುವುದು ಹಾಗಾಗಿ ಬರೀ ಕಸುಬಿನ ಬದಲಾವಣೆಯಲ್ಲ. ಹೊಂಡದ ಆಳ ಒಂದು ಮೀಟರಿಗೂ ಹೆಚ್ಚು, ದಂಡೆ ಕಡಿದು, ಮೇಲೆ ಹಕ್ಕಿ ಬರದಂತೆ ದಾರ. ಸಿಗಡಿ ಹಿಡಿದು ನೀರು ಬಸಿದ ಕೆಲವು ದಿನ ಮಾತ್ರ ವೇಡರ್‌ಗಳಿಗೆ ಅಲ್ಲಿ ಊಟ.

ತದಡಿ ಬಂದರಿನ ಪ್ರಸ್ತಾಪ, ಅಘನಾಶಿನಿಯ ನೀರನ್ನು ತಿರುಗಿಸುವ ಪ್ರಸ್ತಾಪಗಳ ವಿರುದ್ಧ ಉತ್ತರ ಕನ್ನಡದಲ್ಲಿ ಸಾಕಷ್ಟು ಚರ್ಚೆ, ಹೋರಾಟ ನಡೆದಿದೆ. ಅವುಗಳ ಹಾನಿ ಕಣ್ಣಿಗೆ ಕಾಣುವಂಥದ್ದು. ಒಳ್ಳೆಯ ಕೆಲಸವೆಂದು ಎಲ್ಲರೂ ಚಪ್ಪಾಳೆ ತಟ್ಟುವ ಒಂದು ಹಾನಿಯೂ ಇದೆ, ಅದು ಕಾಂಡ್ಲಾ (ಮ್ಯಾಂಗ್ರೋವ್) ಸಸಿ ನೆಡುವುದು. 2023ರಲ್ಲಿ ಕೇಂದ್ರ ಸರ್ಕಾರ ‘ಮಿಷ್ಟಿ’ ಎಂಬ ಮ್ಯಾಂಗ್ರೋವ್ ಯೋಜನೆ ತಂದ ಮೇಲೆ ಕರಾವಳಿಯುದ್ದಕ್ಕೂ ಗುರಿ ತಲುಪಿಸುವ ಒತ್ತಡವಿದೆ. ಹಿಂದೆ ಕಾಂಡ್ಲಾ ಇದ್ದು ಕಡಿದುಹೋದ ದಂಡೆ, ಗಜನಿ ಕಟ್ಟೆಗಳಲ್ಲಿ ನೆಟ್ಟರೆ ಕಟ್ಟೆಗೂ ಮೀನಿಗೂ ಒಳ್ಳೆಯದು. ಆದರೆ ಅಂಥ ಜಾಗ ಯಾರದಾದರೂ ಹೆಸರಿನಲ್ಲಿರುತ್ತದೆ. ತಕರಾರಿಲ್ಲದೆ ಸಿಗುವುದು ನದಿ ನಡುವಿನ ಬೋಳು ಕೆಸರುದಿಬ್ಬ. ಅಲ್ಲಿ ನೆಟ್ಟ ಸಸಿ ಹೆಚ್ಚಿನ ಬಾರಿ ಸಾಯುತ್ತದೆ, ಏಕೆಂದರೆ ದಿಬ್ಬ ದಿನದ ಬಹುಪಾಲು ಮುಳುಗಿರುತ್ತದೆ. ಬದುಕಿಬಿಟ್ಟರೆ ಹತ್ತು ವರ್ಷದಲ್ಲಿ ಕರ್ಲ್ಯೂ ಮೇಯುವ ಬಯಲು ಕಾಡಾಗುತ್ತದೆ. ಖಾಲಿ ಕಾಣುವ ಕೆಸರು ಬಂಜರಲ್ಲ ಎಂಬುದನ್ನು ಅರಣ್ಯ ಇಲಾಖೆಯ ಕಾರ್ಯಯೋಜನೆಯಲ್ಲೇ ಬರೆದು, ಗಿಡ ನೆಡಬಾರದ ದಿಬ್ಬಗಳನ್ನು ನಕ್ಷೆಯಲ್ಲಿ ಗುರುತು ಮಾಡಬೇಕು.

‘ಬೇರೆ ಕಡೆ ಹೋಗುತ್ತವೆ ಬಿಡಿ’

ಸಾರ್ವಜನಿಕ ಅಹವಾಲು ಸಭೆಗಳಲ್ಲಿ ಈ ಮಾತು ಬಂದೇ ಬರುತ್ತದೆ. ರೆಕ್ಕೆ ಇರುವ ಪ್ರಾಣಿಗೆ ಜಾಗದ ಕೊರತೆಯೇ? ಇದಕ್ಕೆ ಉತ್ತರ ಬ್ರಿಟನ್ನಿನ ಕಾರ್ಡಿಫ್ ಕೊಲ್ಲಿಯಲ್ಲಿ ಸಿಕ್ಕಿದೆ. 1999ರಲ್ಲಿ ಅಲ್ಲಿ ಅಡ್ಡಗಟ್ಟೆ ಕಟ್ಟಿ ಕೆಸರುಬಯಲನ್ನು ಸಿಹಿನೀರಿನ ಸರೋವರ ಮಾಡಿದರು. ಅಲ್ಲಿನ ರೆಡ್‌ಶ್ಯಾಂಕ್‌ಗಳ ಕಾಲಿಗೆ ಮೊದಲೇ ಬಣ್ಣದ ಉಂಗುರ ಹಾಕಿದ್ದರಿಂದ ಒಂದೊಂದು ಹಕ್ಕಿಯ ಜಾಡೂ ಸಿಕ್ಕಿತು. ಅವು ಪಕ್ಕದ ಕೆಸರುಬಯಲಿಗೇ ಹೋದವು. ಹೋದ ಮೇಲೆ ತೂಕ ಕಳೆದುಕೊಂಡವು. ವರ್ಷ ದಾಟಿ ಬದುಕುವ ಪ್ರಮಾಣ ನೂರಕ್ಕೆ ಸುಮಾರು 85ರಿಂದ 78ಕ್ಕೆ ಇಳಿಯಿತು. ಏಳು ಅಂಕವಷ್ಟೇ ಎನ್ನಿಸಬಹುದು. ವರ್ಷಕ್ಕೆ ಸಾಯುವವು ನೂರಕ್ಕೆ 15 ಇದ್ದದ್ದು 22 ಆಯಿತು ಅಂದರೆ ಸಾವು ಹೆಚ್ಚುಕಡಿಮೆ ಒಂದೂವರೆ ಪಟ್ಟಾಯಿತು. ಪಕ್ಕದ ಬಯಲಿನಲ್ಲಿ ಮೊದಲೇ ಹಕ್ಕಿಗಳಿದ್ದವು, ಬಂದವು ಉಳಿಕೆ ಜಾಗದಲ್ಲಿ ಉಳಿಕೆ ಊಟ ಮಾಡಬೇಕಾಯಿತು. ದಕ್ಷಿಣ ಕೊರಿಯಾದ ಸೆಮಾಂಗಮ್‌ನಲ್ಲಿ 33 ಕಿ.ಮೀ.ಗೂ ಉದ್ದದ ಕಡಲಗೋಡೆ 2006ರಲ್ಲಿ ಮುಚ್ಚಿಕೊಂಡಾಗ ಸುಮಾರು 40 ಸಾವಿರ ಹೆಕ್ಟೇರ್ ಹೋಯಿತು, ಅಲ್ಲಿ ತಂಗುತ್ತಿದ್ದ ಗ್ರೇಟ್ ನಾಟ್ ಹಕ್ಕಿಗಳು ಸುತ್ತಲಿನ ಬಯಲುಗಳಲ್ಲಿ ಆ ಪ್ರಮಾಣದಲ್ಲಿ ಸಿಗಲೇ ಇಲ್ಲ.

ದೂರ ಹಾರುವ ಶಕ್ತಿಯನ್ನು ಎಲ್ಲಿ ಬೇಕಾದರೂ ಬದುಕುವ ಶಕ್ತಿ ಎಂದು ತಿಳಿದದ್ದರಿಂದ ಆಗುವ ಎಡವಟ್ಟು ಇದು. 2022ರಲ್ಲಿ ಅಲಾಸ್ಕಾದಿಂದ ಹೊರಟ ಒಂದು ಬಾರ್‌ಟೇಲ್ಡ್ ಗಾಡ್‌ವಿಟ್ ಎಲ್ಲೂ ಇಳಿಯದೆ ಹನ್ನೊಂದು ದಿನದಲ್ಲಿ 13,560 ಕಿ.ಮೀ. ಹಾರಿ ಟಾಸ್ಮೇನಿಯಾ ಮುಟ್ಟಿತು. ಹೊರಡುವ ಮುಂಚೆ ಇಂಥ ಹಕ್ಕಿಗಳ ಮೈತೂಕದ ಅರ್ಧದಷ್ಟು ಕೊಬ್ಬೇ ಇರುತ್ತದೆ, ಜಠರ ಕರುಳು ಕುಗ್ಗಿರುತ್ತವೆ. ಆ ಕೊಬ್ಬು ಸೇರುವುದು ಹೊರಡುವ ಹಿಂದಿನ ವಾರಗಳಲ್ಲಿ. ನಮ್ಮಲ್ಲಿಗೆ ಬರುವ ಹಕ್ಕಿಗಳಿಗೆ ಆ ವಾರಗಳು ಮಾರ್ಚ್–ಏಪ್ರಿಲ್. ಕೆರೆಯಂಗಳದಲ್ಲಿ ಜೆಸಿಬಿ ಇಳಿಯುವ ಕಾಲವೂ ಅದೇ.

ಎಣಿಕೆಯ ತೊಡಕು

ಅಂಕಿ ಇಲ್ಲದೆ ವಾದ ನಿಲ್ಲುವುದಿಲ್ಲ, ವೇಡರ್ ಎಣಿಸುವುದು ಬಾತು ಎಣಿಸಿದಷ್ಟು ಸುಲಭವಲ್ಲ. ಪ್ರತಿ ಜನವರಿಯಲ್ಲಿ ನಡೆಯುವ ಏಷ್ಯನ್ ನೀರುಹಕ್ಕಿ ಗಣತಿ 1987ರಿಂದ ಇದೆ, ಅದರ ಬೆಲೆ ದೊಡ್ಡದು. ಆದರೆ ಅಳಿವೆಯಲ್ಲಿ ರಜೆಯ ದಿನ ನೋಡಿ ಎಣಿಸಲು ಹೋದರೆ ಒಂದು ವರ್ಷ ಇಳಿತ, ಇನ್ನೊಂದು ವರ್ಷ ಭರತ ಸಿಗುತ್ತದೆ. ಎರಡು ಅಂಕಿಗಳ ವ್ಯತ್ಯಾಸ ಹಕ್ಕಿಯದಲ್ಲ, ಚಂದ್ರನದು. ಭರತದ ಉತ್ತುಂಗಕ್ಕೆ ಎರಡು ತಾಸು ಮುಂಚೆ ವಿಶ್ರಾಂತಿ ಜಾಗದ ಎದುರು ಕೂತು, ಗುಂಪುಗಳು ಬಂದಿಳಿದಂತೆ ಎಣಿಸುವುದು ಸರಿಯಾದ ಕ್ರಮ. ಹುಣ್ಣಿಮೆ ಅಮಾವಾಸ್ಯೆಯ ದೊಡ್ಡ ಭರತದಲ್ಲಿ ಹಕ್ಕಿಗಳು ಒಂದೆರಡು ಕಡೆಯೇ ಒತ್ತಾಗಿ ಸೇರುವುದರಿಂದ ಆ ದಿನಗಳೇ ಒಳ್ಳೆಯವು. ಸೂರ್ಯ ಬೆನ್ನ ಹಿಂದಿರಬೇಕು. ಹತ್ತು ಹಕ್ಕಿ ಎಣಿಸಿ ಆ ಹತ್ತು ಎಷ್ಟು ಜಾಗ ಹಿಡಿಯಿತು ಎಂಬ ಅಂದಾಜಿನಲ್ಲಿ ಗುಂಪನ್ನು ಅಳೆಯುವಾಗ ಅಂಚಿನಿಂದ ಶುರು ಮಾಡಬೇಡಿ, ಅಂಚು ಯಾವಾಗಲೂ ತೆಳು. ಸ್ಟಿಂಟ್‌ಗಳ ಜಾತಿ ಗೊತ್ತಾಗದಿದ್ದರೆ ‘ಸ್ಟಿಂಟ್, ಜಾತಿ ಗುರುತಿಸಿಲ್ಲ’ ಎಂದೇ ಬರೆಯಿರಿ.

ಜನವರಿ ಎಣಿಕೆಯೊಂದನ್ನೇ ನೆಚ್ಚಿಕೊಂಡರೆ ಇನ್ನೊಂದು ಕುರುಡು ಉಳಿಯುತ್ತದೆ. ಬೆಳೆದ ಹಕ್ಕಿಗಳು ಆಗಸ್ಟಿನಲ್ಲೇ ಬರತೊಡಗುತ್ತವೆ, ಆ ವರ್ಷದ ಮರಿಗಳು ಹಿಂದೆ ಬರುತ್ತವೆ. ಕೆಲವು ದಕ್ಷಿಣಕ್ಕೆ ಹೋಗುವ ದಾರಿಯಲ್ಲಿ ವಾರ ತಂಗಿ ಮುಂದೆ ಸಾಗುತ್ತವೆ. ಬಯಲುಸೀಮೆಯ ಕೆರೆಯೊಂದು ಸೆಪ್ಟೆಂಬರಿನಲ್ಲಿ ಹತ್ತು ದಿನ ಮಾತ್ರ ಉಪಯೋಗಕ್ಕೆ ಬಂದಿರಬಹುದು. ಜನವರಿ ಪಟ್ಟಿಯಲ್ಲಿ ಅದು ಸೊನ್ನೆ, ಅಭಿವೃದ್ಧಿ ಯೋಜನೆಯ ವರದಿಯಲ್ಲಿ ‘ಗಮನಾರ್ಹ ಪಕ್ಷಿಗಳಿಲ್ಲ’.

ಕೆರೆ ಯೋಜನೆಯಲ್ಲಿ ಏನು ಬರೆಯಬೇಕು

ಹೂಳೆತ್ತುವುದು ಬೇಡವೆಂದು ಯಾರೂ ಹೇಳುತ್ತಿಲ್ಲ. ಎಲ್ಲಿ, ಎಷ್ಟು ಎಂಬುದು ಪ್ರಶ್ನೆ. ಏರಿ ಮತ್ತು ತೂಬಿನ ಕಡೆ ಬೇಕಾದಷ್ಟು ಆಳ ಮಾಡಿ, ನೀರು ನಿಲ್ಲಬೇಕಾದದ್ದು ಅಲ್ಲಿಯೇ. ಎದುರು ಬದಿಯ ಅಂಗಳದಲ್ಲಿ ಕೆರೆಯ ಮೂರನೇ ಒಂದು ಭಾಗವನ್ನಾದರೂ ಮುಟ್ಟದೆ ಬಿಡಬೇಕು. ಅಲ್ಲಿ ಇಳಿಜಾರು ಐವತ್ತಕ್ಕೆ ಒಂದಕ್ಕಿಂತ ಕಡಿದಾಗಬಾರದು, ನೂರಕ್ಕೆ ಒಂದಾದರೆ ಇನ್ನೂ ಒಳ್ಳೆಯದು. ಗುತ್ತಿಗೆದಾರನ ಅಳತೆ ಪುಸ್ತಕದಲ್ಲಿ ಘನ ಮೀಟರ್ ಲೆಕ್ಕವಿರುತ್ತದೆಯೇ ಹೊರತು ಇಳಿಜಾರಿನದ್ದಲ್ಲ. ಹಾಗಾಗಿ ಎಷ್ಟು ಅಗೆದರೂ ಅವನಿಗೆ ಲಾಭ, ಸಮತಟ್ಟಾಗಿ ಆಳ ಅಗೆಯುವುದು ಯಂತ್ರಕ್ಕೂ ಸಲೀಸು. ಟೆಂಡರಿನಲ್ಲೇ ಅಡ್ಡಕೊಯ್ತದ ನಕ್ಷೆ ಇದ್ದು, ಬಿಲ್ ಪಾಸಾಗುವ ಮುಂಚೆ ಲೆವೆಲ್ ಹಿಡಿದು ನೋಡುವ ಷರತ್ತಿಲ್ಲದಿದ್ದರೆ ಉಳಿದದ್ದೆಲ್ಲ ಕಾಗದದ ಮೇಲಿನ ಮಾತು.

ನಡಿಗೆ ಹಾದಿ ಏರಿಯ ಮೇಲಿರಲಿ, ಅಂಗಳದ ಸುತ್ತ ಬೇಡ. ಕರ್ಲ್ಯೂ ನೂರು ಮೀಟರ್ ದೂರದಲ್ಲಿ ಮನುಷ್ಯನನ್ನು ಕಂಡರೇ ಏಳುತ್ತದೆ, ಸ್ಟಿಂಟ್ ಇಪ್ಪತ್ತು–ಮೂವತ್ತು ಮೀಟರ್ ತನಕ ಸಹಿಸುತ್ತದೆ. ಬೀದಿನಾಯಿ, ಡ್ರೋನ್, ಹಾರುವ ಫೋಟೋ ಬೇಕೆಂದು ಗುಂಪಿನತ್ತ ನಡೆಯುವ ಕ್ಯಾಮೆರಾ ಎಲ್ಲವೂ ಒಂದೇ ಲೆಕ್ಕಕ್ಕೆ ಸೇರುತ್ತವೆ. ದ್ವೀಪ ಬೇಕೇ ಬೇಕೆಂದರೆ ನೀರಿನಿಂದ ಒಂದಡಿಯಷ್ಟೇ ಎತ್ತರದ, ಗಿಡವಿಲ್ಲದ, ಗರಸು ಹರಡಿದ ದಿಬ್ಬ ಮಾಡಿ. ಕಲ್ಲು ಕಟ್ಟಿ ಆಲದ ಸಸಿ ನೆಟ್ಟದ್ದು ಬೇರೆ ಹಕ್ಕಿಗಳಿಗೆ.

ಕೊಳವೆಯಿಂದ ನೀರು ತುಂಬಿಸುವ ಕೆರೆಗಳಲ್ಲಿ ಕೈಯಲ್ಲಿ ಕೀಲಿ ಇರುವುದರಿಂದ ಕೆಲಸ ಇನ್ನೂ ಸುಲಭ. ಸರಣಿಯ ಎಲ್ಲ ಕೆರೆಗಳನ್ನೂ ಒಟ್ಟಿಗೆ ತುಂಬಿಸದೆ, ನವೆಂಬರಿನಿಂದ ಮಾರ್ಚಿಯವರೆಗೆ ಸರದಿಯ ಮೇಲೆ ಒಂದೆರಡು ಕೆರೆಗಳಿಗೆ ಒಳಹರಿವು ನಿಲ್ಲಿಸಿ, ವಾರಕ್ಕೆ ಮೂರು–ನಾಲ್ಕು ಸೆಂ.ಮೀ.ನಂತೆ ಇಳಿಯಲು ಬಿಟ್ಟರೆ ಅಂತರ್ಜಲಕ್ಕೆ ಹೇಳಿಕೊಳ್ಳುವಂಥ ನಷ್ಟವಿಲ್ಲ. ಅದಕ್ಕಿಂತ ವೇಗವಾಗಿ ಇಳಿಸಿದರೆ ಕೆಸರು ಹಕ್ಕಿಗೆ ಸಿಗುವ ಮುಂಚೆ ಒಣಗುತ್ತದೆ. ಇಳಿಸಿದ ಮೇಲೆ ಮತ್ತೆ ಒಮ್ಮೆಲೇ ಏರಿಸಬಾರದು, ಅಂಗಳದಲ್ಲಿ ಚಿಗುರಿದ ಹುಲ್ಲು ಮುಳುಗಿ ಕೊಳೆತು ನೀರಿನ ಆಮ್ಲಜನಕ ತಿಂದುಹಾಕುತ್ತದೆ.

ಈ ಕೊನೆಯ ಎಚ್ಚರಿಕೆ ಸುಮ್ಮನೆ ಹೇಳಿದ್ದಲ್ಲ. 2019ರ ನವೆಂಬರಿನಲ್ಲಿ ರಾಜಸ್ಥಾನದ ಸಾಂಭರ್ ಸರೋವರದಲ್ಲಿ ಹದಿನೆಂಟು ಸಾವಿರಕ್ಕೂ ಹೆಚ್ಚು ಹಕ್ಕಿಗಳು ಸತ್ತವು, ಕಾರಣ ಬಾಟುಲಿಸಂ. ಆಮ್ಲಜನಕವಿಲ್ಲದ ಬೆಚ್ಚನೆಯ ಕೆಸರಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ವಿಷ ಅದು. ಸತ್ತ ಹಕ್ಕಿಯ ಮೈಯಲ್ಲಿ ಹುಟ್ಟುವ ಹುಳುಗಳಲ್ಲಿ ವಿಷ ಸೇರುತ್ತದೆ, ಆ ಹುಳು ತಿಂದ ಹಕ್ಕಿ ಸಾಯುತ್ತದೆ, ಅದರಿಂದ ಮತ್ತಷ್ಟು ಹುಳು. ಮೊದಲ ಲಕ್ಷಣ ಕಾಲು ರೆಕ್ಕೆ ಸೋಲುವುದು, ಆಮೇಲೆ ಕತ್ತು ಬೀಳುತ್ತದೆ. ಕೆರೆಯಂಚಿನಲ್ಲಿ ಹಾಗೆ ನಾಲ್ಕೈದು ಹಕ್ಕಿ ಒಟ್ಟಿಗೆ ಕಂಡರೆ ಬರಿಗೈಯಲ್ಲಿ ಮುಟ್ಟದೆ ಅರಣ್ಯ ಇಲಾಖೆಗೂ ಪಶುಪಾಲನಾ ಇಲಾಖೆಗೂ ಅವತ್ತೇ ತಿಳಿಸಬೇಕು. ಹಕ್ಕಿಜ್ವರವೋ ಬಾಟುಲಿಸಮ್ಮೋ ಎಂದು ಪ್ರಯೋಗಾಲಯ ಹೇಳುವವರೆಗೆ ಕಾದು ಕೂರುವಂತಿಲ್ಲ. ಮಾದರಿ ತೆಗೆದುಕೊಂಡ ಕೂಡಲೇ ಕೈಗವಸು ಹಾಕಿದ ಸಿಬ್ಬಂದಿ ಹೆಣಗಳನ್ನು ದಿನಕ್ಕೆರಡು ಸಲ ಆರಿಸಿ, ನೀರಿನಿಂದ ದೂರ ಸುಣ್ಣ ಹಾಕಿ ಆಳವಾಗಿ ಹೂಳಬೇಕು ಇಲ್ಲವೇ ಸುಡಬೇಕು. ಸಾಂಭರ್‌ನಲ್ಲಿ ಸಾವು ಆ ಮಟ್ಟಕ್ಕೆ ಏರಿದ್ದಕ್ಕೆ ಸರೋವರದ ವಿಸ್ತಾರವೂ ಒಂದು ಕಾರಣ, ಹೆಣಗಳಿರುವ ಮೂಲೆಗಳನ್ನು ತಲುಪಲೇ ದಿನಗಳು ಹಿಡಿದವು. ನಮ್ಮ ಕೆರೆಗಳು ಅಷ್ಟು ದೊಡ್ಡವಲ್ಲ, ಒಂದು ತೆಪ್ಪ ಮತ್ತು ನಾಲ್ಕು ಜನರಿದ್ದರೆ ಒಂದು ಬೆಳಿಗ್ಗೆಯಲ್ಲಿ ಅಂಚೆಲ್ಲ ಸುತ್ತಬಹುದು.